ಇಪ್ಪತ್ತೆಂಟನೇ ನಂಬರಿನ ತುಕ್ಕು

ಚಿಂತಾಮಣಿಯ ಆ ಹಿಂದಿನ ಕೋಣೆಗೆ ಹೊರಗಿನಿಂದ ಬೀಗ ಬಿದ್ದ ಸದ್ದು ಕೇಳಿದಾಗ ಮೊದಲು ನನಗೆ ನಗುವೇ ಬಂತು. ಕಬ್ಬಿಣ ಉಜ್ಜಲು ಬಂದವನನ್ನು ಕೂಡಿಹಾಕುವುದೆಂದರೇನು! ಕಿಟಕಿಯ ಸರಳಿನ ಆಚೆ ಸ್ಟೂಲು ಹಾಕಿಕೊಂಡು ಕುಳಿತ ತಾಲ್ಲೂಕು ಕಚೇರಿಯ ಜವಾನ, ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಳ್ಳುತ್ತಾ, "ನಗಬ್ಯಾಡಪ್ಪಾ, ಆರ್ಡರು ಹಂಗದೆ. ಬಾಗ್ಲು ತೆರೆದಿಟ್ಟು ನಾನು ಅತ್ಲಾಗೆ ಇತ್ಲಾಗೆ ಹೋಗಂಗಿಲ್ಲ. ಐದು ಗಂಟೆಗೆ ತೆಗೀತೀನಿ," ಎಂದ. ಮಧ್ಯಾಹ್ನದ ಹೊತ್ತಿಗೆ ನನ್ನ ನಗು ನಿಂತಿತ್ತು.

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ರಿಪೇರಿ ಮಾಡುವವನು. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಕೆಲಸಕ್ಕೆ ಹೋಗುತ್ತಿದ್ದ ಒಂದು ನೂಲಿನ ಮನೆಯ ಸೊಸೆ, ನಾವೆಲ್ಲ ಆಪಾ, ಅಂದರೆ ಅಕ್ಕ ಎಂದೇ ಕರೆಯುತ್ತಿದ್ದವರು, ಒಂದು ಭಾನುವಾರ ನನ್ನ ಮನೆ ಬಾಗಿಲಿಗೆ ಬಂದರು. ಯಂತ್ರ ಕೆಟ್ಟರೆ ಆಳನ್ನು ಕಳಿಸುವವರು ಖುದ್ದಾಗಿ ಬಂದಿದ್ದಾರೆಂದರೆ ಏನೋ ದೊಡ್ಡದೇ ಇರಬೇಕು ಎಂದುಕೊಂಡೆ. ದೊಡ್ಡದೇ ಇತ್ತು.

ಆಪಾ ಅವರ ತಂದೆಗೆ ಚಿಂತಾಮಣಿಯಲ್ಲಿ ಕೋವಿ ರಿಪೇರಿಯ ಅಂಗಡಿ. ಊರಿಗೆಲ್ಲ ಅವರು ಸಾಬರು. ಕಾಡುಹಂದಿ ಓಡಿಸಲೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿದ್ದ ರೈತರು, ಹಾರಿಸಿ ಖಾಲಿಯಾದ ಹಿತ್ತಾಳೆಯ ತೋಟಾಗಳನ್ನು ತಂದುಕೊಟ್ಟರೆ ಅವನ್ನು ಮತ್ತೆ ತುಂಬಿಕೊಡುವುದು ಅವರ ಕಸಬು. ಅದಕ್ಕೆಂದೇ ಹದಿನಾಲ್ಕು ಉಪಕರಣಗಳಿದ್ದವು. ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅಂಗಡಿ ಮುಚ್ಚಿತು. ಕೋವಿಗಳು ಅವುಗಳ ಒಡೆಯರಿಗೆ ಸೇರಿದವು, ಸಿಡಿಮದ್ದನ್ನು ಕಚೇರಿಯವರು ತೆಗೆದುಕೊಂಡು ಹೋದರು. ಹದಿನಾಲ್ಕು ಉಪಕರಣಗಳು ಮಾತ್ರ ಒಂದು ಟ್ರಂಕಿನಲ್ಲಿ ಉಳಿದವು.

ಆಮೇಲೆ ಅಂಬಾಜಿದುರ್ಗದ ಬೆಟ್ಟದ ಕಡೆ ಯಾರೋ ಕಳ್ಳಬೇಟೆಯವರು ಸಿಕ್ಕಿಬಿದ್ದರು. ಅವರ ಬಳಿ ಕೈಯಲ್ಲಿ ತುಂಬಿದ ತೋಟಾ ಇದ್ದವಂತೆ. ಊರಿನ ಬಾಯಿಗೆ ಅಷ್ಟು ಸಾಕಲ್ಲ! ಸಾಬರು ಉಪಕರಣ ಮಾರಿಕೊಂಡಿದ್ದಾರೆ ಎಂಬ ಗಾಳಿಮಾತು ಹುಟ್ಟಿತು. ಕಚೇರಿಯವರು ಬಂದು ಕೋಣೆಗೆ ಬೀಗ ಜಡಿದರು. ಮುಂದಿನ ಶನಿವಾರ ಅಧಿಕಾರಿಯೊಬ್ಬರು ಬಂದು, ಪ್ರತಿ ಉಪಕರಣದ ಮೇಲೆ ಗುದ್ದಿರುವ ನಂಬರನ್ನು ಹಳೆಯ ಪಟ್ಟಿಯೊಂದಿಗೆ ತಾಳೆ ನೋಡಿ, ಎಲ್ಲವನ್ನೂ ವಶಕ್ಕೆ ತೆಗೆದುಕೊಳ್ಳುತ್ತಾರೆಂದೂ, ಅಷ್ಟರಲ್ಲಿ ನಂಬರು ಓದುವ ಹಾಗೆ ಸಾಮಾನು ಶುಚಿ ಮಾಡಿಡಬೇಕೆಂದೂ ನೋಟೀಸು ಕೊಟ್ಟಿದ್ದರು.

"ಅವರು ಬೀಗ ಹಾಕೋಕೆ ಮುಂಚೆ ಟ್ರಂಕು ತೆಗೆದು ನೋಡಿದ್ರೆ ಬರೀ ತುಕ್ಕು ಅಣ್ಣಾ. ಒಂದು ಅಂಕಿನೂ ಕಾಣಲ್ಲ," ಎಂದರು ಆಪಾ. "ನಂಬರ್ ಕಾಣ್ದೇ ಇದ್ರೆ ಆ ಸಾಮಾನು ಇಲ್ಲ ಅಂತ ಬರ್ಕೋತಾರಂತೆ. ಇಲ್ಲ ಅಂತ ಬರೆದ್ರೆ ಮಾರ್ಕೊಂಡ್ರು ಅಂತಾನೇ ಅರ್ಥ. ಅಬ್ಬಾಗೆ ಬಾಯಿಲ್ಲ, ನಾನು ಮಾರಿಲ್ಲ ಅನ್ನೋಕೂ ಆಗಲ್ಲ."

"ಒಂದು ವಾರ ಟೈಮಿದೆಯಲ್ಲ ಆಪಾ, ಎರಡೇ ದಿನದಲ್ಲಿ ಕನ್ನಡಿ ಮಾಡಿಕೊಡ್ತೀನಿ ಬಿಡಿ," ಎಂದೆ. ನನ್ನ ಬಾಯಿ ಯಾವಾಗಲೂ ಕೈಗಿಂತ ಮುಂದೆ.

ಸೋಮವಾರ ಹತ್ತು ಗಂಟೆಗೆ ಕೋಣೆಯೊಳಗೆ ಹೋದೆವು, ನಾನು ಮತ್ತು ಸಾಬರು. ಮನೆಯವರಲ್ಲಿ ಒಬ್ಬರು ಒಳಗಿರಬೇಕೆಂಬುದು ಕಚೇರಿಯ ಷರತ್ತು. ಆ ವಾರ ತವರಲ್ಲೇ ಉಳಿದಿದ್ದ ಆಪಾ ತಾವು ಕೂರುತ್ತೇನೆಂದರೂ ಸಾಬರು ಒಪ್ಪದೆ ಎಡಗೈಯಿಂದ ತಮ್ಮ ಎದೆ ತಟ್ಟಿಕೊಂಡಿದ್ದರು. ಅವರನ್ನು ಕುರ್ಚಿಯ ಸಮೇತ ಎತ್ತಿ ಒಳಗಿಟ್ಟೆವು. ಕೋಣೆ ಹತ್ತಡಿಗೆ ಎಂಟಡಿ. ಒಂದೇ ಕಿಟಕಿ, ಅದಕ್ಕೂ ಒತ್ತಾದ ಸರಳು. ಅಂಗಡಿಯ ಮುಂಭಾಗವನ್ನು ರೇಷ್ಮೆ ಹುಳು ಸಾಕುವವರಿಗೆ ಬೇಕಾದ ಸಾಮಾನು ಮಾರುವವರೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದರು. ಆ ಕಡೆಗಿದ್ದ ನಡುಬಾಗಿಲಿಗೆ ಅತ್ತಲಿಂದ ಚಿಲಕ. ಅದರ ಬುಡದಲ್ಲೇ ಟ್ರಂಕು ಇತ್ತು.

ಮುಚ್ಚಳ ತೆಗೆದು ನೋಡಿದೆ. ನನ್ನ ಎರಡು ದಿನದ ಮಾತು ಅಲ್ಲೇ ಉಡುಗಿತು. ತುಕ್ಕು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದಿತ್ತು. ತೋಟಾದ ಬುಡದಲ್ಲಿ ಸಿಡಿದು ಹೋದ ಕೇಪನ್ನು ಹೊರದೂಡುವ ಕಡ್ಡಿ, ತೋಟಾ ನಿಲ್ಲಿಸುವ ತೂತಿನ ದಿಮ್ಮಿ, ಉಬ್ಬಿದ ಕೊಳವೆಯನ್ನು ಅಳತೆಗೆ ತರುವ ಉಂಗುರ, ಕೊನೆಯಲ್ಲಿ ತೋಟಾದ ಬಾಯಿ ಮಡಿಸುವ ಕೈಯಂತ್ರ, ಎಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಗಡ್ಡೆಯಾಗಿದ್ದವು. ಇಂಥ ಕಡೆ ಜ್ವಾಲೆ ಉಗುಳುವ ಬ್ಲೋ ಲ್ಯಾಂಪಿನಿಂದ ಸ್ವಲ್ಪ ಕಾಯಿಸಿದರೆ ಹಿಡಿದ ಸ್ಕ್ರೂ ತಾನೇ ಬಿಡುತ್ತದೆ. ಆದರೆ ಮದ್ದಿನ ಮನೆ. ಎಲ್ಲ ತೆಗೆದುಕೊಂಡು ಹೋಗಿದ್ದರೂ ಸಂದುಗೊಂದಿನಲ್ಲಿ ಒಂದು ಚಿಟಿಕೆ ಉಳಿದಿದ್ದರೆ ಗತಿಯೇನು? ನಾನು ದೀಪ ಹಚ್ಚುವಂತಿರಲಿಲ್ಲ, ಜವಾನ ಬೀಡಿ ಹಚ್ಚುವಂತಿರಲಿಲ್ಲ.

"ನೀನು ಹೊರಗಿದ್ದೀಯ ಅಂತ ಮೆರೀಬ್ಯಾಡ. ನಿನಗೂ ಐದು ಗಂಟೆವರೆಗೆ ಆ ಸ್ಟೂಲೇ ಜೈಲು," ಎಂದು ಅವನನ್ನು ರೇಗಿಸಿದೆ.

"ನಂದು ಸರ್ಕಾರಿ ಜೈಲಪ್ಪಾ, ಪಿಂಚಣಿ ಬರ್ತದೆ," ಎಂದ. ಸಾಬರ ಮುಖದ ಎಡಭಾಗ ನಕ್ಕಿತು.

ಮೊದಲು ಒಣ ಬ್ರಷ್ಷಿನಿಂದ ಪ್ರತಿ ಸಂದನ್ನೂ ಗುಡಿಸಿ, ಉದುರಿದ್ದನ್ನೆಲ್ಲ ನೀರಿನ ಬಟ್ಟಲಿಗೆ ಹಾಕಿದೆ. ಆಮೇಲೆ ದೊಡ್ಡ ತಟ್ಟೆಯಲ್ಲಿ ಸೀಮೆಎಣ್ಣೆ ಸುರಿದು ಎಲ್ಲವನ್ನೂ ಮುಳುಗಿಸಿದೆ. ಸಂಜೆಯ ಹೊತ್ತಿಗೆ ಆ ಗಡ್ಡೆ ಬಿಟ್ಟುಕೊಂಡು ಹದಿನಾಲ್ಕು ಬೇರೆ ಬೇರೆ ತುಂಡಾಯಿತು. ಮಂಗಳವಾರ ತಂತಿ ಬ್ರಷ್ಷು, ಆಮೇಲೆ ಕಬ್ಬಿಣ ಉಜ್ಜುವ ಎಮರಿ ಹಾಳೆ. ತೋಟಾದ ಬಾಯಿ ಮಡಿಸುವ ಆ ಕೈಯಂತ್ರವನ್ನೇ ಮೊದಲು ಕೈಗೆತ್ತಿಕೊಂಡೆ. ಮುಷ್ಟಿಗಾತ್ರದ ಒಡಲು, ಒಂದು ಕಡೆ ತಿರುಗಿಸುವ ಹಿಡಿ, ಕೆಳಗೆ ಹಲಗೆಗೆ ಕೂರುವ ಪಾದ. ಪಾದದ ಮೇಲಿನ ತುಕ್ಕು ಹೋದಂತೆ ಅಂಕಿ ಎದ್ದು ಬಂತು: 28. ಪಟ್ಟಿಯಲ್ಲಿ ಇಪ್ಪತ್ತೊಂದರಿಂದ ಮೂವತ್ನಾಲ್ಕರವರೆಗೆ ಇದ್ದದ್ದು. ನಾನು ಜೋರಾಗಿ, "ಇಪ್ಪತ್ತೆಂಟು!" ಎಂದು ಓದಿದೆ. ಸಾಬರು ತಲೆಯಾಡಿಸಿದರು. ಐದು ಗಂಟೆಗೆ ಮೂರು ತುಂಡು ಫಳಫಳ ಹೊಳೆಯುತ್ತಿದ್ದವು. ಅವನ್ನು ಟ್ರಂಕಿನ ಮುಚ್ಚಳದ ಮೇಲೆ ಸಾಲಾಗಿಟ್ಟು, ಶಿಡ್ಲಘಟ್ಟದ ಬಸ್ಸಿನಲ್ಲಿ ಹಾಡು ಗುನುಗುತ್ತಾ ಹೋದೆ.

ಬುಧವಾರ ಬೀಗ ತೆಗೆಸಿ ನೋಡಿದರೆ ಮೂರೂ ಕೆಂಪಗಿದ್ದವು. ಅರಿಸಿನ ಕುಂಕುಮ ಎರಚಿದ ಹಾಗೆ ಹೊಸ ತುಕ್ಕು.

ಒಂದೇ ದಿನಕ್ಕೆ! ನನ್ನ ಕೈಬೆವರಿನ ಉಪ್ಪಿರಬೇಕು ಎಂದುಕೊಂಡೆ. ಕೆಲವರ ಕೈ ಮುಟ್ಟಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಅಂಥವರನ್ನು ನಾನು ನೋಡಿದ್ದೇನೆ. ಕೈಗೆ ಬಟ್ಟೆ ಸುತ್ತಿಕೊಂಡು ಮೂರನ್ನೂ ಮತ್ತೆ ಉಜ್ಜಿದೆ, ಉಳಿದವನ್ನೂ ಉಜ್ಜಿದೆ. ಗುರುವಾರ ಬೆಳಿಗ್ಗೆ ನೋಡಿದರೆ ಮತ್ತೆ ಕೆಂಪು. ಈಗ ನನಗೆ ಸಿಟ್ಟು ನೆತ್ತಿಗೇರಿತು, ಆ ಕೈಯಂತ್ರವನ್ನು ಒರಟು ಹಾಳೆಯಿಂದ ತಿಕ್ಕಿದೆ. ಆ ಕೋಣೆಯೇ ನನ್ನ ಮೇಲೆ ಹಗೆ ಸಾಧಿಸುತ್ತಿದೆ ಎನ್ನಿಸಿತು. ಎದ್ದು ಅಡ್ಡಾಡಲು ಜಾಗವಿಲ್ಲ, ಬಾಗಿಲಿಗೆ ಬೀಗ, ಬೆನ್ನ ಹಿಂದೆ ಮಾತಾಡದ ಮನುಷ್ಯರ ಎರಡು ಕಣ್ಣು. ಮಧ್ಯಾಹ್ನ ಊಟ ತಂದ ಆಪಾ ಮೇಲೆ ಹರಿಹಾಯ್ದೆ.

"ಇದೇನು ಸೀಮೆಎಣ್ಣೆ ತಂದುಕೊಟ್ಟಿದ್ದೀರ ಆಪಾ? ಡಿಪೋದವರು ಅರ್ಧಕ್ಕರ್ಧ ನೀರು ಬೆರೆಸಿದ್ದಾರೆ. ನಿಮಗೆ ಅಷ್ಟೂ ಗೊತ್ತಾಗಲ್ವಾ?"

ಊಟದ ಕ್ಯಾರಿಯರ್ ಸರಳಿನ ನಡುವೆ ತೂರುತ್ತಿರಲಿಲ್ಲ. ಮುದ್ದೆಯೂ ತೂರುವುದಿಲ್ಲವೆಂದು ಅವರು ಪ್ರತಿದಿನ ಚಪಾತಿ ಮಾಡಿ, ಮಡಿಸಿ, ಒಂದೊಂದಾಗಿ ಒಳಗೆ ಕೊಡುತ್ತಿದ್ದರು. ಅವತ್ತೂ ಹಾಗೆಯೇ ಕೊಟ್ಟರು. ನಾಲ್ಕನೇ ಚಪಾತಿಯನ್ನು ನನ್ನ ಮುಖ ನೋಡದೆ ಕೊಟ್ಟರು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಊಟವಾದ ಮೇಲೆ ಸುಮ್ಮನೆ ಕುಳಿತು ಹದಿನಾಲ್ಕನ್ನೂ ನೋಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಹಿಂದಿನ ಸಂಜೆ ಅವಸರದಲ್ಲಿ ಎರಡು ತುಂಡನ್ನು ಕಿಟಕಿಯ ಮೇಲೇ ಬಿಟ್ಟು ಹೋಗಿದ್ದೆ. ಅವುಗಳಿಗೆ ತುಕ್ಕು ಹೆಸರಿಗಷ್ಟೇ. ನಡುಬಾಗಿಲ ಬುಡದಲ್ಲಿದ್ದ ಟ್ರಂಕಿನ ಮೇಲಿನವು ಮಾತ್ರ ರಕ್ತಗೆಂಪು. ಕೈಬೆವರೂ ಅಲ್ಲ, ಸೀಮೆಎಣ್ಣೆಯೂ ಅಲ್ಲ. ಹಾಗಾದರೆ ಬಾಗಿಲು.

ಬಾಗಿಲ ಕೆಳಗೆ ಎರಡು ಬೆರಳು ತೂರುವಷ್ಟು ಸಂದಿತ್ತು. ನೆಲಕ್ಕೆ ಮುಖ ಹಚ್ಚಿ ನೋಡಿದೆ. ಆಚೆ ಬದಿಯಲ್ಲಿ ಬಾಗಿಲಿಗೆ ಒತ್ತಿದಂತೆ ಚೀಲಗಳು, ಅವುಗಳಿಂದ ಸೋರಿದ ಬಿಳಿ ಪುಡಿ. ಬ್ಲೀಚಿಂಗ್ ಪೌಡರು! ಹುಳು ಸಾಕುವ ಮನೆಯನ್ನು ತೊಳೆಯಲು ಎಲ್ಲರೂ ಒಯ್ಯುವ ಅದೇ ಪುಡಿ. ಅದರ ಗಾಳಿ ನೆಲ ಹಿಡಿದು ಹರಿಯುತ್ತದೆ, ಕಬ್ಬಿಣ ಕಂಡರೆ ಬಿಡುವುದಿಲ್ಲ. ಎರಡು ವರ್ಷದಿಂದ ಟ್ರಂಕನ್ನು ತಿಂದದ್ದು ಅದೇ. ಎರಡು ರಾತ್ರಿಯಿಂದ ನನ್ನ ಕೆಲಸ ತಿಂದದ್ದೂ ಅದೇ.

"ನಿಂಗೆ ಏನಾದ್ರೂ ವಾಸನೆ ಬರ್ತಿದೆಯೇನಯ್ಯಾ?" ಎಂದು ಜವಾನನನ್ನು ಕೇಳಿದೆ. ಅವನ ಮನೆಯಲ್ಲಿ ಹೆಂಡತಿ ಹುಳು ಸಾಕುತ್ತಿದ್ದಳು. ಸರಳಿಗೆ ಮೂಗು ತೂರಿಸಿ ಎಳೆದು ನೋಡಿ, "ಏಮೀ ಲೇದಪ್ಪಾ, ಏನೂ ಇಲ್ಲ," ಎಂದ.

"ಆಪಾ, ನಿಮಗೆ?" ಕಿಟಕಿಯ ಆಚೆ ಕ್ಯಾರಿಯರ್ ಜೋಡಿಸುತ್ತಿದ್ದವರನ್ನು ಕೇಳಿದೆ.

"ಯಾವ ವಾಸನೆ ಅಣ್ಣಾ?"

ನನಗೂ ಬರುತ್ತಿರಲಿಲ್ಲ. ದಿನವೂ ರೇಷ್ಮೆಯ ನಡುವೆ ಬದುಕುವವರಿಗೆ ಅದು ವಾಸನೆಯೇ ಅಲ್ಲ, ಗಾಳಿ ಎಂದರೇ ಅದು. ಮೂಗು ಇದ್ದೂ ಇಲ್ಲದ ಮೂವರು! ತಿರುಗಿ ನೋಡಿದರೆ, ರೇಷ್ಮೆಯ ಕಸಬೇ ಇಲ್ಲದ ಸಾಬರು ಮೂಗಿಗೆ ಟವಲು ಒತ್ತಿಕೊಂಡು ಕುಳಿತಿದ್ದಾರೆ. ಸೋಮವಾರದಿಂದಲೂ ಹಾಗೆಯೇ ಕುಳಿತಿದ್ದರು. ಸೀಮೆಎಣ್ಣೆ ಆಗಿಬರುವುದಿಲ್ಲವೇನೋ ಎಂದು ನಾನು ತಿಳಿದಿದ್ದೆ. ಮಂಗಳವಾರ ಅವರು ಊರುಗೋಲಿನಿಂದ ಆ ಬಾಗಿಲನ್ನು ಎರಡು ಸಲ ತಟ್ಟಿ ತೋರಿಸಿದ್ದರು. "ಆ ಕಡೆಯಿಂದ ಚಿಲಕ ಹಾಕಿದ್ದಾರೆ ಸಾಬ್ರೇ, ತೆಗೆಯೋಕಾಗಲ್ಲ," ಎಂದು ದೊಡ್ಡ ಮನುಷ್ಯನ ಹಾಗೆ ಉತ್ತರ ಕೊಟ್ಟಿದ್ದೆ. ಬಾಯಿಲ್ಲದವರು ಹೇಳಿದ್ದನ್ನು ಬಾಯಿಬಡುಕ ಕೇಳಿಸಿಕೊಂಡಿರಲಿಲ್ಲ.

ಒದ್ದೆ ಗೋಣಿಚೀಲ ತರಿಸಿ ಸಂದಿಗೆ ತುರುಕಿದೆ, ಅದರ ಮೇಲೆ ಗ್ರೀಸು ಮೆತ್ತಿದ ಬಟ್ಟೆ. ಟ್ರಂಕನ್ನು ಕಿಟಕಿಯ ಕೆಳಕ್ಕೆ ಎಳೆದೆ. ಸಂಜೆಯೊಳಗೆ ಹದಿನಾಲ್ಕನ್ನೂ ಕೊನೆಯ ಸಲ ಉಜ್ಜಿ, ಒರೆಸಿ, ತೆಳ್ಳಗೆ ಗ್ರೀಸು ಹಚ್ಚಿಟ್ಟೆ. ಶುಕ್ರವಾರ ಬೆಳಿಗ್ಗೆ ಬಂದು ನೋಡಿದಾಗ ಎಲ್ಲೂ ತುಕ್ಕಿನ ಸುಳಿವಿಲ್ಲ. ಸಂತೋಷಕ್ಕೆ ಸಾಬರ ಎಡಗೈ ಹಿಡಿದು ಕುಲುಕಿದೆ.

ಉಳಿದದ್ದು ನಂಬರು ಓದುವುದು. ಗ್ರೀಸು ಒರೆಸಿ, ಅಂಕಿಯ ಗುಳಿಗೆ ಸೀಮೆಸುಣ್ಣದ ಪುಡಿ ತಿಕ್ಕಿದರೆ ಬೆಳ್ಳಗೆ ಎದ್ದು ಕಾಣುತ್ತದೆ. ಇಪ್ಪತ್ತೊಂದು, ಇಪ್ಪತ್ತೆರಡು, ಹೀಗೆ ಒಂದೊಂದಾಗಿ ಓದುತ್ತಾ ಇಪ್ಪತ್ತೇಳಕ್ಕೆ ಬಂದೆ. ಆಮೇಲೆ ಆ ಕೈಯಂತ್ರ. ಪಾದಕ್ಕೆ ಸುಣ್ಣ ತಿಕ್ಕಿದೆ. ಒರೆಸಿದೆ. ಪಾದ ನುಣ್ಣಗಿತ್ತು.

ಅಂಕಿ ಇರಲಿಲ್ಲ.

ತಿರುಗಿಸಿ ನೋಡಿದೆ, ಮಗುಚಿ ನೋಡಿದೆ, ಬೆಳಕಿಗೆ ಹಿಡಿದೆ. ಉಳಿದವುಗಳ ಮೇಲೆ ಆಳವಾಗಿ ಗುದ್ದಿದ್ದರು, ಅವು ತಾಳಿಕೊಂಡಿದ್ದವು. ಇದರ ಪಾದ ತೆಳು. ಸೀಳೀತೆಂದು ಹಗುರವಾಗಿ ಗುದ್ದಿದ್ದಿರಬೇಕು. ಮಂಗಳವಾರ ಉಜ್ಜಿದೆ, ಬುಧವಾರ ಉಜ್ಜಿದೆ, ಗುರುವಾರ ಸಿಟ್ಟಿನಲ್ಲಿ ಒರಟು ಹಾಳೆ ಹಾಕಿ ಎರಡು ಸಲ ಉಜ್ಜಿದೆ. ತುಕ್ಕು ತಿಂದದ್ದು ಅರ್ಧ, ನಾನು ತಿಂದದ್ದು ಅರ್ಧ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನ್ನಮ್ಮ ನನ್ನನ್ನು ನೋಡಿಯೇ ಹೇಳುತ್ತಿದ್ದದ್ದು. ಬಾಯಿಲ್ಲದ ಮನುಷ್ಯ ಕಳ್ಳನಲ್ಲ ಎಂದು ಹೇಳಲು ಇದ್ದ ಸಾಕ್ಷಿಯನ್ನು ನಾನೇ ಉಜ್ಜಿ ಹಾಕಿದ್ದೆ.

ಎದ್ದು ಹೋಗಿ ಬಾಗಿಲು ಬಡಿದೆ. "ತೆಗಿಯಯ್ಯಾ! ಒಂದು ನಿಮಿಷ ಹೊರಗೆ ಬಿಡು!" ಜವಾನನ ಸ್ಟೂಲು ಖಾಲಿ. ಉಡುದಾರದಲ್ಲಿ ಬೀಗದ ಕೈ ಕಟ್ಟಿಕೊಂಡು ಊಟಕ್ಕೆ ಹೋಗಿದ್ದ. ಸುಳ್ಳು ಹೇಳುವುದಿಲ್ಲ, ಆಗ ಬಾಗಿಲು ತೆರೆದಿದ್ದರೆ ನಾನು ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿ ಸಿಕ್ಕಿದ ಬಸ್ಸು ಹತ್ತುತ್ತಿದ್ದೆ. ಗೌರಿಬಿದನೂರಿನಲ್ಲಿ ಅಕ್ಕನ ಮನೆಯಿತ್ತು. ಎರಡು ವಾರ ಅಲ್ಲಿದ್ದರೆ ಎಲ್ಲ ತಣ್ಣಗಾಗುತ್ತದೆ ಎಂದು ಲೆಕ್ಕ ಕೂಡ ಹಾಕಿದ್ದೆ. ಬೀಗ ನನ್ನನ್ನು ಬಿಡಲಿಲ್ಲ. ಗೋಡೆಗೆ ಒರಗಿ ಕುಳಿತೆ.

ಊಟ ತಂದ ಆಪಾಗೆ ಹೇಳಲೇಬೇಕಾಯಿತು. ಕಿಟಕಿಯ ಹತ್ತಿರ ಹೋಗಿ, "ಆಪಾ, ಇಪ್ಪತ್ತೆಂಟು ಹೋಯ್ತು. ನಾನೇ ಅಳಿಸಿಬಿಟ್ಟೆ," ಎಂದೆ.

ಅವರು ಕ್ಯಾರಿಯರ್ ಕೆಳಗಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, "ನಂಬರ್ ಗುದ್ದೋ ಅಚ್ಚು ನಿಮ್ ಹತ್ರ ಇರ್ತದಲ್ವಾ? ಗುದ್ದಿಬಿಡಿ ಅಣ್ಣಾ. ಇರೋ ನಂಬರೇ ತಾನೇ, ಸುಳ್ಳೇನಲ್ವಲ್ಲ. ಯಾರಿಗೆ ಗೊತ್ತಾಗ್ತದೆ?" ಎಂದರು.

ಹಿಂದೆ ತಗಡಿನ ಸದ್ದಾಯಿತು. ಸಾಬರು ಗೋಡೆಗೂಡಿನಿಂದ ಒಂದು ಚಿಕ್ಕ ಡಬ್ಬಿಯನ್ನು ಊರುಗೋಲಿನಿಂದ ಕೆಡವಿ, ನನ್ನ ಕಡೆ ನೂಕುತ್ತಿದ್ದರು. ತೆರೆದು ನೋಡಿದೆ. ಸೊನ್ನೆಯಿಂದ ಒಂಬತ್ತರವರೆಗೆ ಅವರದೇ ಅಚ್ಚುಗಳು. ಹದಿನಾಲ್ಕಕ್ಕೂ ಗುದ್ದಿದ್ದು ಇವುಗಳಿಂದಲೇ. ಇನ್ನೇನು ಬೇಕು? ಅದೇ ಅಚ್ಚು, ಅದೇ ಅಂಕಿ, ಗುದ್ದಿಸಲು ಅವುಗಳ ಒಡೆಯರ ಒಪ್ಪಿಗೆ. ಹೊರಗೆ ಜವಾನನೂ ಇಲ್ಲ. ಎರಡರ ಅಚ್ಚನ್ನು ಪಾದದ ಮೇಲೆ ನೆಟ್ಟಗೆ ನಿಲ್ಲಿಸಿ ಸುತ್ತಿಗೆ ಎತ್ತಿದೆ.

ಎತ್ತಿದ ಕೈ ಅಲ್ಲೇ ನಿಂತಿತು. ನನ್ನದೇನೋ ಮಹಾ ಧರ್ಮಬುದ್ಧಿ ಎಂದು ತಿಳಿಯಬೇಡಿ. ಮೊದಲು ಬಂದದ್ದು ಕಸಬಿನ ಯೋಚನೆ. ಹಳೆಯ ಅಂಕಿಗಳ ಗುಳಿಯಲ್ಲಿ ಕಪ್ಪು ಇರುತ್ತದೆ, ಹೊಸ ಗುದ್ದಿನ ತಳ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಅಂಚು ಕೈಗೆ ಗೀರುತ್ತದೆ. ಕಣ್ಣಿದ್ದ ಅಧಿಕಾರಿ ಒಂದೇ ನೋಟಕ್ಕೆ ಹಿಡಿಯುತ್ತಾನೆ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಅದು ಬಂದ ಮೇಲೆ ಕೈ ತಾನಾಗಿ ಕೆಳಗಿಳಿಯಿತು.

"ಬೇಡ ಸಾಬ್ರೇ," ಎಂದೆ. "ನೀವು ಅಸಲಿ ಮಾರಿಕೊಂಡು ಏನೋ ಒಂದನ್ನ ತೋರಿಸ್ತೀರ ಅಂತ ತಾನೇ ಊರು ಆಡ್ಕೊಳ್ತಿರೋದು? ನಾನು ಇವತ್ತು ಹೊಸ ನಂಬರ್ ಗುದ್ದಿದ್ರೆ ಆ ಮಾತು ನಿಜ ಮಾಡಿದ ಹಾಗಾಗ್ತದೆ. ಅವರು ಹಿಡಿದ್ರೆ ಇದೊಂದಲ್ಲ, ಹದಿನಾಲ್ಕೂ ಸುಳ್ಳಾಗ್ತವೆ."

ಸಾಬರ ಮುಖ ಕೆಂಪಾಯಿತು. ಊರುಗೋಲಿನಿಂದ ಡಬ್ಬಿಯನ್ನು ಒಂದೇಟು ಹೊಡೆದರು. ಅಚ್ಚುಗಳು ಕೋಣೆಯ ತುಂಬ ಚೆಲ್ಲಿದವು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಬೆನ್ನು ಅಲುಗುತ್ತಿತ್ತು. ಕಿಟಕಿಯಲ್ಲಿ ಆಪಾ ಸೆರಗು ಬಾಯಿಗೊತ್ತಿಕೊಂಡು, "ಹಾಗಾದ್ರೆ ಏನ್ ಮಾಡ್ತೀರ? ಹೇಳಿ, ಏನ್ ಮಾಡ್ತೀರ?" ಎಂದು ಕೇಳಿದರು.

"ಗೊತ್ತಿಲ್ಲ ಆಪಾ."

ಚೆಲ್ಲಿದ ಅಚ್ಚುಗಳನ್ನು ಮಂಡಿಯೂರಿ ಆಯುತ್ತಿದ್ದಾಗ ಒಂದು ಸಂಗತಿ ನೆನಪಾಯಿತು. ಹಿಂದೊಮ್ಮೆ ಮಂಡಿಕಲ್ ಕಡೆಯವರ ನೂಲಿನ ಮನೆಯಲ್ಲಿ ಯಂತ್ರದ ಹಳೆಯ ಕಬ್ಬಿಣದ ದಂಡವೊಂದನ್ನು ಹೊಸದರ ಹಾಗೆ ಕಾಣಲೆಂದು ಯಾರೋ ಅದರ ಮೇಲಿನ ಅಕ್ಷರಗಳನ್ನು ಅರದಿಂದ ತೀಡಿ ಹಾಕಿದ್ದರು. ಅದರ ಮೇಲೆ ಬ್ಲೀಚಿಂಗ್ ನೀರು ಚೆಲ್ಲಿ ಒಂದು ರಾತ್ರಿ ಹಾಗೇ ಉಳಿಯಿತು. ಮರುದಿನ ನೋಡಿದರೆ ತೀಡಿದ ಅಕ್ಷರಗಳು ತುಕ್ಕಿನಲ್ಲಿ ನೆರಳಿನ ಹಾಗೆ ಮೂಡಿದ್ದವು! ನನಗೆ ಕೆಲಸ ಕಲಿಸಿದ ಮೇಸ್ತ್ರಿ ಅದನ್ನು ನೋಡಿ, "ಗುದ್ದು ತಿಂದ ಕಬ್ಬಿಣ ಒಳಗೊಳಗೇ ಬಿಗಿದುಕೊಂಡಿರ್ತದೆ ಕಣೋ. ಮೇಲೆ ತೀಡಿದ್ರೂ ಕೆಳಗೆ ಆ ಬಿಗಿ ಹೋಗಿರಲ್ಲ. ತುಕ್ಕಿಗೆ ಅದು ಗೊತ್ತಾಗ್ತದೆ," ಎಂದಿದ್ದರು. ನಾನು ಎಷ್ಟು ಆಳ ಉಜ್ಜಿದ್ದೇನೋ, ಆ ಬಿಗಿ ಉಳಿದಿದೆಯೋ ಇಲ್ಲವೋ, ಯಾರು ಬಲ್ಲರು? ಬೇರೆ ದಾರಿಯಿರಲಿಲ್ಲ.

ಸೋಪಿನ ನೀರಿನಿಂದ ಇಪ್ಪತ್ತೆಂಟರ ಪಾದವನ್ನು ಎರಡು ಸಲ ತೊಳೆದು ಗ್ರೀಸಿನ ಪಸೆ ತೆಗೆದೆ. ಉಳಿದ ಹದಿಮೂರನ್ನು ಗ್ರೀಸು ಬಟ್ಟೆಯಲ್ಲಿ ಸುತ್ತಿ ಟ್ರಂಕಿನೊಳಗಿಟ್ಟು ಮುಚ್ಚಿದೆ. ಆಮೇಲೆ ನಡುಬಾಗಿಲ ಸಂದಿಗೆ ನಾನೇ ತುರುಕಿದ್ದ ಗೋಣಿಯನ್ನು ಕಿತ್ತು ತೆಗೆದು, ಕೈಯಂತ್ರವನ್ನು ಅಲ್ಲಿಗೇ ಒಯ್ದು, ಪಾದ ಸಂದಿಯ ಕಡೆ ಬರುವ ಹಾಗೆ ಮಲಗಿಸಿದೆ. ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ. ನಾಲ್ಕು ದಿನ ತುಕ್ಕಿನ ಮೇಲೆ ಯುದ್ಧ ಮಾಡಿದವನು ಐದನೆಯ ದಿನ ಅದಕ್ಕೆ ಎಡೆಯಿಟ್ಟು ಬಾರಪ್ಪಾ ಎಂದು ಕರೆಯುತ್ತಿದ್ದೆ. ಸಾಬರು ತಿರುಗಿ ನೋಡಿದರು. ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಐದಕ್ಕೆ ಬೀಗ ತೆಗೆದ ಜವಾನ ನನ್ನ ಮುಖ ನೋಡಿ, "ಏಮಪ್ಪಾ, ಹೊರಗೆ ಬಿಟ್ರೂ ಒಳಗಿದ್ದೋನ ಹಂಗೇ ಇದ್ದೀಯಲ್ಲ," ಎಂದ. ಅವನ ಮಾತು ಸರಿಯಾಗಿತ್ತು. ಮನೆಗೆ ಹೋದರೂ ನಾನು ಆ ಕೋಣೆಯಲ್ಲೇ ಇದ್ದೆ. ಊಟ ಸೇರಲಿಲ್ಲ.

ಶನಿವಾರ ಹತ್ತಕ್ಕೆ ಬಾಗಿಲು ತೆರೆಯಿತು. ಅಧಿಕಾರಿ ಬರುವುದು ಹನ್ನೊಂದಕ್ಕೆ. ಪಾದದ ತುಂಬ ತುಕ್ಕು ಕೆಂಪಗೆ ಹಬ್ಬಿತ್ತು, ಅಂಕಿಯೇನೂ ಕಾಣಲಿಲ್ಲ. ಹತ್ತಿಗೆ ಎಣ್ಣೆ ಅದ್ದಿ, ಒಂದೇ ಒಂದು ಸಲ, ಮಗುವಿನ ಬಾಯಿ ಒರೆಸುವಷ್ಟು ಹಗುರವಾಗಿ ಎಳೆದೆ. ಇನ್ನೊಂದು ಎಳೆತ ಹೆಚ್ಚಾದರೆ ಅದೂ ಹೋದೀತು. ಕಿಟಕಿಗೆ ಒಯ್ದು ಓರೆಯಾಗಿ ಹಿಡಿದೆ. ತೆಳುಗೆಂಪಿನ ನಡುವೆ ಕಪ್ಪು ಗೆರೆಯೊಂದು ಬಾಗಿ ನಿಂತಿತ್ತು. ಎರಡು! ಅದರ ಪಕ್ಕದಲ್ಲಿ ಎಂಟರ ಕೆಳಗಿನ ಸುತ್ತು ಪೂರ್ತಿ, ಮೇಲಿನದು ಅರ್ಧ. ಅದನ್ನು ಹಿಡಿದುಕೊಂಡೇ ಅಲ್ಲಿ ಕುಕ್ಕರಿಸಿದೆ.

ಅಧಿಕಾರಿ ಕನ್ನಡಕದ, ಮಿತಭಾಷಿ ಮನುಷ್ಯ. ಭೂತಗನ್ನಡಿ ಹಿಡಿದು ಒಂದೊಂದೇ ಓದುತ್ತಾ ಪಟ್ಟಿಯಲ್ಲಿ ಗುರುತು ಹಾಕಿದರು. ಇಪ್ಪತ್ತೆಂಟರ ಹತ್ತಿರ ನಿಂತರು.

"ಇದೇನ್ರೀ ಇದು?"

"ಸಾರ್, ಅದು ಸರಿಯಾಗೇ ಇತ್ತು. ತುಕ್ಕು ತೆಗೆಯೋವಾಗ ನನ್ನ ಕೈಯಿಂದ ಅಳಿಸಿಹೋಯ್ತು. ಹೊಸದಾಗಿ ಗುದ್ದಿಲ್ಲ. ಒಳಗಿದ್ದದ್ದನ್ನೇ ತುಕ್ಕಿನಿಂದ ಎಬ್ಬಿಸಿದ್ದೀನಿ," ಎಂದೆ. ಎಲ್ಲವನ್ನೂ ಹೇಳಿದೆ, ಬ್ಲೀಚಿಂಗಿನಿಂದ ಹಿಡಿದು. ಆಪಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಅಧಿಕಾರಿ ಮತ್ತೆ ಭೂತಗನ್ನಡಿ ಹಿಡಿದರು. "ಕೆಳಗಿನ ಸುತ್ತು ಸರಿಯಾಗಿದೆ. ಮೇಲಿನದು ಅರ್ಧ. ಇದು ಇಪ್ಪತ್ತಾರು ಯಾಕಾಗಬಾರದು?"

"ಇಪ್ಪತ್ತಾರು ಅಲ್ಲಿದೆ ಸಾರ್, ನೀವೇ ಗುರುತು ಹಾಕಿದ್ರಿ."

ಅಧಿಕಾರಿ ಪಟ್ಟಿಯನ್ನು ನೋಡಿದರು, ಸಾಬರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಇಪ್ಪತ್ತೆಂಟರ ಮುಂದೆ ಗುರುತು ಹಾಕಿ, "ಗುದ್ದಿದ್ರೆ ಹದಿನಾಲ್ಕನ್ನೂ ಬೇರೆ ಥರ ನೋಡ್ತಿದ್ದೆ. ಈಗ ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ," ಎಂದರು. ಬರೆದೆ. ಹದಿನಾಲ್ಕೂ ಇವೆ, ತಾಳೆಯಾಗಿವೆ ಎಂದು ಅವರು ಕೆಳಗೆ ಬರೆದರು. ಸಾಬರ ಎಡ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಪಾ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಜವಾನ ಗೋಣಿಚೀಲ ಹಿಡಿದು ಒಂದೊಂದನ್ನೇ ಹಾಕತೊಡಗಿದ. ಸಾಬರು ಎಡಗೈ ಚಾಚಿದರು. ಇಪ್ಪತ್ತೆಂಟೇ ಬೇಕೆಂದು ತೋರಿಸಿದರು. ಅಧಿಕಾರಿ ಆಗಲಿ ಎಂದು ತಲೆಯಾಡಿಸಿದರು. ಸಾಬರು ಕೈಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಪಾದದ ಮೇಲೆ ಆಡಿಸಿದರು. "ಅಬ್ಬಾ ಯಾವ ಸಾಮಾನನ್ನೂ ನೋಡಿ ತಗೊಳ್ತಿರಲಿಲ್ಲ. ನಂಬರ್ ಮೇಲೆ ಬೆರಳಾಡಿಸಿ ತಗೊಳ್ತಿದ್ರು," ಎಂದರು ಆಪಾ. ಬೆರಳು ಒಂದು ಸಲ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ನುಣ್ಣಗಿನ ಕಬ್ಬಿಣ. ಕಣ್ಣು ತೆರೆದು ಅಂಕಿಯನ್ನು ನೋಡಿದರು. ಮತ್ತೆ ಬೆರಳಾಡಿಸಿದರು.

ಆಪಾಗೆ ಹೇಳಿದ್ದೆ, ಅಧಿಕಾರಿಗೆ ಬರೆದುಕೊಟ್ಟಿದ್ದೆ. ಇವರ ಮುಂದೆ ಮಾತ್ರ ತಪ್ಪು ಒಪ್ಪಿಕೊಂಡಿರಲಿಲ್ಲ. ಕುರ್ಚಿಯ ಮುಂದೆ ಮಂಡಿಯೂರಿ, "ತಪ್ಪಾಯ್ತು ಸಾಬ್ರೇ. ಕಣ್ಣಿಗೆ ತಂದೆ, ಬೆರಳಿಗೆ ತರೋಕೆ ನನ್ನಿಂದ ಆಗಲಿಲ್ಲ," ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಎಡಗೈ ಎತ್ತಿ ನನ್ನ ಕೆನ್ನೆಗೆ ಫಟ್ ಎಂದು ಒಂದೇಟು ಕೊಟ್ಟರು.

ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತಿತ್ತು. ಹೊಸ್ತಿಲ ಮೇಲಿದ್ದ ಆಪಾ ಮೊದಲು ನಕ್ಕರು, ನಗುತ್ತಲೇ ಗಳಗಳ ಅತ್ತರು. "ಕೆಲಸ ಕಲಿಸೋವಾಗ ಹಿಂಗೇ ಹೊಡೀತಿದ್ರು ಅಣ್ಣಾ. ಎರಡು ವರ್ಷದಿಂದ ಯಾರಿಗೂ ಹೊಡೆದಿರಲಿಲ್ಲ." ಸಾಬರು ಕೈಯಂತ್ರವನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದರು. ಜವಾನ ಗೋಣಿಯ ಬಾಯಿ ಅಗಲಿಸಿ ನಿಂತಿದ್ದ. ಸಾಬರು ತಲೆಯಾಡಿಸಿದ ಮೇಲೆ ನಾನು ಅದನ್ನು ಮೆಲ್ಲಗೆ ಒಳಗಿಟ್ಟೆ.